ಕಂಬಿ ಹೊರಡುವ ಮುಂಚೆ

ಸುತ್ತೂರಿನ ಸುತ್ತಮುತ್ತ ಕಬ್ಬಿಣದ ಕಾರ್ಖಾನೆ ಹುಡುಕಿಕೊಂಡು ಯಾರೂ ಬರುವುದಿಲ್ಲ. ಇಲ್ಲಿ ಭತ್ತ, ಕಬ್ಬು, ಕಪಿಲೆ, ಮಠ. ಆದರೆ ಮನೆ ಕಟ್ಟಿಸುವವರಿಗೆ ಕಂಬಿ ಬೇಕು, ಕೊಟ್ಟಿಗೆಗೆ ಜಿಂಕ್ ಶೀಟು ಬೇಕು, ಗೇಟಿಗೆ ಪೈಪು, ಪಟ್ಟಿ, ಆಂಗಲ್ಲು ಬೇಕು. ಜನವರಿ–ಫೆಬ್ರುವರಿಯ ಸುತ್ತೂರು ಜಾತ್ರೆ ಬಂತೆಂದರೆ ಚಪ್ಪರ, ಮಳಿಗೆ, ವೇದಿಕೆಗಳ ಸಾಮಾನೂ ಇದಕ್ಕೆ ಸೇರುತ್ತದೆ. ಎಲ್ಲವೂ ನಂಜನಗೂಡು, ತಿ. ನರಸೀಪುರ ಅಥವಾ ಮೈಸೂರಿನ ಅಂಗಡಿಗಳಿಂದ ಲಾರಿ, ಗೂಡ್ಸ್ ಆಟೊ, ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ ಬರಬೇಕು. ಆ ಅಂಗಡಿಗಳಿಗೆ ಅದು ಬರುವುದು ಇನ್ನೂ ದೂರದಿಂದ. ಒಂದು ಕಾಲಕ್ಕೆ ಮೈಸೂರು ಸೀಮೆಯ ಕಬ್ಬಿಣವೆಂದರೆ 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಾರ್ಖಾನೆ. ಈಗ ಬಳ್ಳಾರಿ ಕಡೆಯ ತೋರಣಗಲ್ಲು, ಕೊಪ್ಪಳದ ಕಾರ್ಖಾನೆಗಳ ಮಾತೇ ಮುಂದು. ಹೀಗೆ ನೂರಾರು ಕಿಲೋಮೀಟರು ದೊಡ್ಡ ಟ್ರೈಲರಿನಲ್ಲಿ ಬಂದ ಮಾಲು ಕೊನೆಯ ಇಪ್ಪತ್ತು–ಮೂವತ್ತು ಕಿಲೋಮೀಟರನ್ನು ಅದಕ್ಕೆಂದೇ ಮಾಡಿರದ ಪುಟ್ಟ ಗಾಡಿಗಳಲ್ಲಿ ಮುಗಿಸುತ್ತದೆ. ಅಪಾಯ ದಟ್ಟವಾಗುವುದು ಈ ಕೊನೆಯ ತುಂಡಿನಲ್ಲೇ.

ಲೆಕ್ಕ ಸರಳ. ಟಿಎಂಟಿ ಕಂಬಿ ಕಾರ್ಖಾನೆಯಿಂದ ಸಾಮಾನ್ಯವಾಗಿ 12 ಮೀಟರ್ ಉದ್ದಕ್ಕೆ ಬರುತ್ತದೆ. ಟಾಟಾ ಏಸ್‌ನಂಥ ಗಾಡಿಯ ಬಾಡಿ ಸುಮಾರು ಏಳು ಅಡಿ, ಅಂದರೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಅಂಗಡಿಯವರು ಕಂಬಿಯನ್ನು ನಡುವೆ ಬಗ್ಗಿಸಿ ಕೊಟ್ಟರೂ ಆರು ಮೀಟರು ಉಳಿಯುತ್ತದೆ. ಅದು ಒಳಗೆ ಕೂರಬೇಕಾದರೆ ಇಪ್ಪತ್ತು ಅಡಿ ಬಾಡಿಯ ಲಾರಿ ಬೇಕು. ಮೂರು ಮಡಿಕೆ ಮಾಡಿದರೆ ನಾಲ್ಕು ಮೀಟರು, ಹದಿನಾಲ್ಕು ಅಡಿಯ ಗಾಡಿಯಲ್ಲಿ ಹಿಡಿಯುತ್ತದೆ. ಏಳು ಅಡಿಯ ಗಾಡಿಗೆ ಇದರಲ್ಲಿ ಯಾವುದೂ ಒಗ್ಗುವುದಿಲ್ಲ. ತೂಕವೂ ಅಷ್ಟೆ. ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಬರುತ್ತದೆ ಎಂಬುದು ಕಂಬಿ ಕಟ್ಟುವ ಮೇಸ್ತ್ರಿಗಳಿಗೆ ಬಾಯಿಪಾಠ. 12 ಎಂಎಂನ ಒಂದು ಪೂರ್ತಿ ಕಂಬಿ ಹತ್ತೂವರೆ ಕಿಲೋ ಮೇಲೆ ತೂಗುತ್ತದೆ. 94 ಕಂಬಿಗೆ ಒಂದು ಟನ್ನು. ಮುಕ್ಕಾಲು ಟನ್ನು ಹೊರುವ ಗಾಡಿಗೆ ಅದನ್ನು ಹೇರಿದರೆ ಉದ್ದ, ತೂಕ ಎರಡೂ ಮೀರಿದಂತೆ.

ಆದರೂ ಹೇರುತ್ತಾರೆ. ಕ್ಯಾಬಿನ್ನಿನ ತಲೆಯ ಮೇಲೆ ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲಿಂದ ಮುಂದಕ್ಕೆ ಚಾಚಿದ ಕಂಬಿಯ ಮೂತಿ, ಹಿಂದೆ ಬಾಡಿಯ ಅಂಚಿನಿಂದ ಇಳಿಬಿದ್ದು ರಸ್ತೆಯನ್ನು ಗೀರುತ್ತಾ ಬರುವ ತುದಿಗಳು, ಆ ತುದಿಗೊಂದು ಕೆಂಪು ಬಟ್ಟೆಯ ಚೂರು. ಹಿಂದಿನ ಚಕ್ರದ ಆಚೆ ಇಷ್ಟೊಂದು ಭಾರ ಜೋತುಬಿದ್ದರೆ ಮುಂದಿನ ಚಕ್ರದ ಮೇಲಿನ ಒತ್ತಡ ಕಡಿಮೆಯಾಗಿ ಸ್ಟೇರಿಂಗ್ ಹಗುರಾಗುತ್ತದೆ, ಹಂಪು ಹತ್ತಿಳಿಯುವಾಗ ಮೂತಿ ಎದ್ದೇಳುತ್ತದೆ. ಗಾಡಿ ಎಡಕ್ಕೆ ತಿರುಗಿದರೆ ಕಂಬಿಯ ತುದಿ ಬಲಕ್ಕೆ ಬೀಸುತ್ತದೆ, ಎದುರಿನಿಂದಲೋ ಪಕ್ಕದಿಂದಲೋ ಬರುವವನ ಎದೆಯ ಎತ್ತರದಲ್ಲಿ. ಇನ್ನು ಹಿಂದಿನಿಂದ ಬರುವ ಬೈಕ್ ಸವಾರನಿಗೆ ಕಂಬಿಯ ಉದ್ದ ಕಾಣುವುದೇ ಇಲ್ಲ. ನೇರ ಹಿಂದಿನಿಂದ ನೋಡಿದವನಿಗೆ 12 ಎಂಎಂ ಕಂಬಿ ಕಾಳಿನಷ್ಟು ದೊಡ್ಡ ಚುಕ್ಕೆ. ಅವನ ಕಣ್ಣು ಅಳೆಯುವುದು ಗಾಡಿಯ ಹಿಂಬದಿಯ ಲೈಟಿನ ದೂರವನ್ನು. ಕಂಬಿ ಅದಕ್ಕಿಂತ ಮೂರು–ನಾಲ್ಕು ಮೀಟರ್ ಈಚೆಗೇ ಇರುತ್ತದೆ. ಮುಸ್ಸಂಜೆಯಲ್ಲಿ ಕೆಂಪು ಬಟ್ಟೆಯೂ ಕಪ್ಪೇ.

ಈ ಕೆಂಪು ಬಟ್ಟೆಗೊಂದು ಕಾನೂನಿನ ಹಿನ್ನೆಲೆ ಇದೆ, ಹಾಗಾಗಿಯೇ ಅದು ಇನ್ನೂ ಸತ್ತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮ ಲೋಡು ಬಾಡಿಯಿಂದ ಹೊರಗೆ ಚಾಚಬಾರದು ಎಂದೇ ಹೇಳುತ್ತದೆ. ಆದರೆ ಮೊದಲು ಅದಕ್ಕೊಂದು ರಿಯಾಯಿತಿ ಇತ್ತು: ಕಂಬ, ಕಂಬಿಯಂಥ ವಸ್ತು ಹಿಂದಕ್ಕೆ ಒಂದು ಮೀಟರಿನವರೆಗೆ ಚಾಚಬಹುದು, ಎಚ್ಚರಿಕೆಯ ಗುರುತು ಮತ್ತು ರಾತ್ರಿ ಕೆಂಪು ದೀಪ ಇರಬೇಕು. 2014ರಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಲಾಯಿತು. ಈಗ ಒಂದು ಅಡಿ ಚಾಚಿದರೂ ತಪ್ಪು. ಬಟ್ಟೆ ಕಟ್ಟಿದರೂ ತಪ್ಪು, ಕಟ್ಟದಿದ್ದರೂ ತಪ್ಪು. 2019ರ ತಿದ್ದುಪಡಿ ಇದಕ್ಕೆ ಹಲ್ಲು ಕೂರಿಸಿತು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ ಚಾಚಿದ ಲೋಡಿಗೆ 20,000 ರೂಪಾಯಿ ದಂಡ, ಜೊತೆಗೆ ಆ ಲೋಡು ಇಳಿಸುವ ಖರ್ಚು. ತೂಕ ಮೀರಿದರೆ ಅದಕ್ಕೆ ಬೇರೆ 20,000, ಮೇಲಿಂದ ಹೆಚ್ಚುವರಿ ಟನ್ನಿಗೆ 2,000.

ಈ ಸೆಕ್ಷನ್ನಿನ ಮಾತುಗಳನ್ನು ನಿಧಾನವಾಗಿ ಓದಬೇಕು. ಗಾಡಿ ಓಡಿಸಿದವನಿಗೆ ಮಾತ್ರವಲ್ಲ, ಹಾಗೆ ಓಡಿಸಲು ಕಾರಣನಾದವನಿಗೂ ಬಿಟ್ಟವನಿಗೂ ಅದು ಅನ್ವಯಿಸುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಡ್ರೈವರ್ ಒಬ್ಬನೇ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಲೋಡು ಸುರಕ್ಷಿತವೋ ಅಲ್ಲವೋ ಎಂಬುದು ಗಾಡಿ ಸ್ಟಾರ್ಟ್ ಆಗುವ ಮುಂಚೆಯೇ, ಅಂಗಡಿಯ ಯಾರ್ಡಿನಲ್ಲಿ, ಬಾಡಿಗೆಯ ಚೌಕಾಸಿಯಲ್ಲಿ ತೀರ್ಮಾನವಾಗಿರುತ್ತದೆ. "ದೊಡ್ಡ ಗಾಡಿ ಬ್ಯಾಡ ಕಣಣ್ಣ, ಬಾಡಿಗೆ ಜಾಸ್ತಿ ಆಯ್ತದೆ, ಆಟೋಕ್ಕೆ ಹಾಕ್ಸು" ಎಂದು ಮನೆ ಕಟ್ಟಿಸುವವರು ಹೇಳುತ್ತಾರೆ. ಅಂಗಡಿಯವರು ತಲೆಯಾಡಿಸುತ್ತಾರೆ. ಬಾಡಿಗೆ ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಾನೆಂದು ಆಟೋದವನು ಒಪ್ಪುತ್ತಾನೆ. ಮೂವರಲ್ಲಿ ದಂಡ ಕಟ್ಟುವವನು ಒಬ್ಬ. ಜೀವ ಕೊಡಬೇಕಾದವನಂತೂ ಈ ಮೂವರಲ್ಲಿ ಒಬ್ಬನಾಗಿರಬೇಕೆಂದೂ ಇಲ್ಲ.

ಚಾಚಿದ ಕಂಬಿ ಕಣ್ಣಿಗೆ ಕಾಣುವ ಅಪಾಯ. ಬಾಡಿಯೊಳಗೆ ಸರಿಯಾಗಿ ಕೂತಂತೆ ಕಾಣುವ ಲೋಡಿನದು ಬೇರೆಯೇ ಕಥೆ. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ಮಳೆ, ಎಣ್ಣೆ, ತುಕ್ಕಿನ ಪುಡಿ ಸೇರಿದರೆ ಇನ್ನೂ ಚೆನ್ನಾಗಿ ಜಾರುತ್ತದೆ. ಯುರೋಪಿನಲ್ಲೂ ಅಮೆರಿಕದಲ್ಲೂ ಲೋಡು ಕಟ್ಟುವ ನಿಯಮಗಳು ಒಂದೇ ಅಂದಾಜಿನ ಮೇಲೆ ನಿಂತಿವೆ: ಜೋರಾಗಿ ಬ್ರೇಕ್ ಹಾಕಿದಾಗ ಲೋಡು ತನ್ನ ತೂಕದ ಶೇ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಶೇ 50ರಷ್ಟು ಬಲದಿಂದ ಪಕ್ಕಕ್ಕೆ. ಹತ್ತು ಟನ್ ಕಂಬಿ ಹೇರಿದ ಲಾರಿಗೆ ಹಿಡಿಸಿ ನೋಡಿ. ನುಗ್ಗುವ ಬಲ ಎಂಟು ಟನ್ನಿನಷ್ಟು. ಕಬ್ಬಿಣಕ್ಕೂ ಕಬ್ಬಿಣಕ್ಕೂ ಇರುವ ಹಿಡಿತ ತಡೆದರೆ ಎರಡು ಟನ್ನು ತಡೆಯಬಹುದು. ಮಿಕ್ಕ ಆರು ಟನ್ನನ್ನು ಸರಪಳಿ ಹಿಡಿಯಬೇಕು, ಇಲ್ಲವೇ ಕ್ಯಾಬಿನ್ನಿನ ಹಿಂದಿನ ಗೋಡೆ ಹಿಡಿಯಬೇಕು. ಆ ಗೋಡೆಗಿಂತ ಎತ್ತರಕ್ಕೆ ಕಂಬಿ ಪೇರಿಸಿದ್ದರೆ ಮೇಲಿನ ಸಾಲಿಗೆ ಅಡ್ಡವೇ ಇಲ್ಲ. ಅದು ನೇರ ಡ್ರೈವರಿನ ತಲೆಯ ಮಟ್ಟಕ್ಕೆ ಬರುತ್ತದೆ. ಬ್ರೇಕ್ ಜೋರಾಗಿ ಹಾಕಿದರೆ ತನ್ನ ಲೋಡೇ ತನ್ನನ್ನು ಚುಚ್ಚುತ್ತದೆಂದು ಹೆದರಿದ ಡ್ರೈವರ್ ಬ್ರೇಕನ್ನೇ ಮೆತ್ತಗೆ ಹಾಕುತ್ತಾನೆ. ಹಳ್ಳಿ ರಸ್ತೆಗೆ ಎಮ್ಮೆಯೋ ಮಗುವೋ ಅಡ್ಡ ಬಂದರೆ ಆ ಹೆದರಿಕೆಯ ಬೆಲೆ ಬೇರೆಯವರು ತೆರುತ್ತಾರೆ.

ಅಮೆರಿಕದಲ್ಲಿ 2004ರಿಂದ ಜಾರಿಯಲ್ಲಿರುವ ನಿಯಮಗಳಲ್ಲಿ ಸುರುಳಿ ಸುತ್ತಿದ ತಗಡಿಗೆ, ಅಂದರೆ ಲೋಹದ ಕಾಯಿಲ್‌ಗಳಿಗೇ ಒಂದು ಪ್ರತ್ಯೇಕ ಭಾಗವಿದೆ. ಕಾಯಿಲಿನ ಕಣ್ಣು, ಅಂದರೆ ನಡುವಿನ ತೂತು, ಮೇಲಕ್ಕಿದ್ದರೆ ಹೇಗೆ ಕಟ್ಟಬೇಕು, ಅಡ್ಡಕ್ಕಿದ್ದರೆ ಹೇಗೆ, ರಸ್ತೆಯ ದಿಕ್ಕಿಗಿದ್ದರೆ ಹೇಗೆ ಎಂದು ಅಲ್ಲಿ ಬಿಡಿಸಿ ಬರೆದಿದೆ. ಕಟ್ಟಿದ ಸರಪಳಿ, ಬೆಲ್ಟುಗಳ ಒಟ್ಟು ತಾಳಿಕೆ ಲೋಡಿನ ತೂಕದ ಅರ್ಧಕ್ಕಿಂತ ಕಡಿಮೆ ಇರಬಾರದು. ನಮ್ಮ ನಿಯಮಗಳು ಲೋಡು ಎಲ್ಲಿಯವರೆಗೆ ಚಾಚಬಾರದು ಎಂಬುದನ್ನು ಹೇಳಿದಷ್ಟು ಸ್ಪಷ್ಟವಾಗಿ ಎಷ್ಟು ಸರಪಳಿ, ಎಲ್ಲಿ ಗಂಟು ಎಂಬುದನ್ನು ಹೇಳುವುದಿಲ್ಲ. ಅದು ಗುರುಮುಖೇನ ಬರುವ ವಿದ್ಯೆ. ಕ್ಲೀನರ್ ಡ್ರೈವರಿಂದ ಕಲಿಯುತ್ತಾನೆ. ಒಳ್ಳೆಯ ಗುರು ಸಿಕ್ಕಿದರೆ ಪುಣ್ಯ. ಇಪ್ಪತ್ತು ಟನ್ನಿನ ಕಾಯಿಲನ್ನು ಬಯಲು ಟ್ರೈಲರಿನ ಮೇಲೆ ಎರಡು ಮರದ ಬೆಣೆಯ ನಂಬಿಕೆಯಲ್ಲಿ ಸಾಗಿಸುವುದನ್ನು ನೋಡಿದರೆ ನಂಜನಗೂಡಿನ ದೊಡ್ಡ ತೇರು ನೆನಪಾಗುತ್ತದೆ. ಆದರೆ ಅಲ್ಲಿ ಬೆಣೆ ಹಿಡಿದವರು ಚಕ್ರದ ಜೊತೆಯಲ್ಲೇ ನಡೆಯುತ್ತಾ ಕಣ್ಣಿಟ್ಟಿರುತ್ತಾರೆ, ತೇರು ಆಳಿನ ನಡಿಗೆಯ ವೇಗದಲ್ಲಿರುತ್ತದೆ. ಹೆದ್ದಾರಿಯಲ್ಲಿ ಬೆಣೆಗೆ ಕಾವಲಿಲ್ಲ. ಕಾಯಿಲ್ ಕೂರಲು ತೊಟ್ಟಿಲಿನಂಥ ಕಬ್ಬಿಣದ ಕಟ್ಟೆ ಬೇಕು, ಅದರ ಕೆಳಗೆ ರಬ್ಬರ್ ಹಾಸು ಬೇಕು, ಕಣ್ಣಿನೊಳಗಿಂದ ಸರಪಳಿ ಹಾದು ಎರಡೂ ಬದಿಗೆ ಬಿಗಿಯಬೇಕು. ರಬ್ಬರ್ ಹಾಸಿನ ಖರ್ಚು ದೊಡ್ಡದಲ್ಲ. ಜಾರುವುದನ್ನು ತಡೆಯುವ ಅದರ ಹಿಡಿತ ಮಾತ್ರ ಬರೀ ಕಬ್ಬಿಣದ ಮೂರು ಪಟ್ಟು.

ಯಾವುದರಿಂದ ಕಟ್ಟಬೇಕೆಂಬುದೂ ಲೋಡಿನ ಮೇಲೆ ನಿಂತ ಮಾತು. ಜಿಂಕ್ ಶೀಟಿನ ಅಂಚು ಹೊಸ ಬ್ಲೇಡು. ಅದರ ಮೇಲೆ ನೈಲಾನ್ ಹಗ್ಗ ಬಿಗಿದರೆ ಹಂಪಿಗೊಂದು ಎಳೆಯಂತೆ ಹಗ್ಗ ಕತ್ತರಿಸುತ್ತಾ ಹೋಗುತ್ತದೆ. ಮೂಲೆಗೆ ಕೊಡುವ ರಕ್ಷೆ, ಹಳೆಯ ಟಯರಿನ ತುಂಡಾದರೂ ಸರಿ, ಹಗ್ಗದಷ್ಟೇ ಮುಖ್ಯ. ಶೀಟಿಗೆ ಇನ್ನೊಂದು ಗುಣವಿದೆ: ಮುಂದಿನ ಅಂಚಿನೊಳಗೆ ಗಾಳಿ ಹೊಕ್ಕರೆ ಮೇಲಿನದು ಎದ್ದು ಹಾರುತ್ತದೆ. ನಡುವೆ ಒಂದೇ ಕಟ್ಟು ಹಾಕಿ ಎರಡು ತುದಿ ಬಿಡುವುದು ಇದಕ್ಕೇ ಕೆಟ್ಟದ್ದು. ಬಗ್ಗಿಸಿದ ಕಂಬಿಯ ಕಟ್ಟಿನ ಅಪಾಯ ಇಳಿಸುವಾಗ ಹೊರಬೀಳುತ್ತದೆ. ಮಡಿಕೆಯಲ್ಲಿ ಬಿಗಿ ಅಡಗಿ ಕೂತಿರುತ್ತದೆ, ಕಟ್ಟುತಂತಿ ಕತ್ತರಿಸಿದ ತಕ್ಷಣ ತುದಿ ಚಿಮ್ಮುತ್ತದೆ. ಅನುಭವಿ ಹಮಾಲಿ ಮಡಿಕೆಯ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಮಡಿಕೆಯ ಕಡೆಯ ತಂತಿಯನ್ನು ಕೊನೆಗೆ ಉಳಿಸಿಕೊಂಡು ಕತ್ತರಿಸುತ್ತಾನೆ.

ಬಿಸಿ ಕಬ್ಬಿಣದ ಮಾತಿಗೆ ಬಂದರೆ, ಸುತ್ತೂರಿನ ಓದುಗರಿಗೆ ಇದು ತೋರಣಗಲ್ಲಿನ ಸಮಾಚಾರವೆನ್ನಿಸಬಹುದು. ಅಲ್ಲಿ ಸುತ್ತಿದ ಹೊತ್ತಿಗೆ ಕಾಯಿಲಿನ ಬಿಸಿ 600 ಡಿಗ್ರಿ ಆಸುಪಾಸು. ತಾನಾಗಿ ಆರಲು ಹಲವು ದಿನ ಹಿಡಿಯುತ್ತದೆ, ಒಳಗಿನ ಸುತ್ತುಗಳು ಹೊರಗಿನವಕ್ಕಿಂತ ತಡವಾಗಿ ತಣಿಯುತ್ತವೆ. ಕೆಂಪಗಿರುವ ಕಬ್ಬಿಣಕ್ಕೆ ಯಾರೂ ಕೈಹಾಕುವುದಿಲ್ಲ. ಮೋಸ ಮಾಡುವುದು ಕಪ್ಪಗಿರುವ ಬಿಸಿ. ಸುಮಾರು 500 ಡಿಗ್ರಿಗಿಂತ ಕೆಳಗಿಳಿದ ಕಬ್ಬಿಣ ಕತ್ತಲಲ್ಲೂ ಹೊಳೆಯುವುದಿಲ್ಲ. ಹಗಲಿನಲ್ಲಿ ಅದಕ್ಕಿಂತ ಬಿಸಿ ಇದ್ದಾಗಲೇ ಹೊಳಪು ಮಾಯ. 300 ಡಿಗ್ರಿಯ ತುಂಡೂ ತಣ್ಣಗಿನ ತುಂಡೂ ಒಂದೇ ಬಣ್ಣ. ಮುಟ್ಟುವ ಮುಂಚೆ ಅಂಗೈ ಹಿಂಬದಿಯನ್ನು ಹತ್ತಿರ ಒಯ್ದು ಝಳ ನೋಡುವುದು, ಒಂದೆರಡು ಹನಿ ನೀರು ಚಿಮುಕಿಸುವುದು ಹಳೆಯ ಕ್ರಮ. ಈಗ ಸಿಗುವ ಬಿಸಿ ಅಳೆಯುವ ಗನ್ನು ಒಳ್ಳೆಯದೇ, ಆದರೆ ಹೊಳೆಯುವ ಲೋಹದ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ತಿಳಿದಿರಬೇಕು.

ಬಿಸಿ ಲೋಡು ಕಟ್ಟುಗಳನ್ನೂ ತಿನ್ನುತ್ತದೆ. ಪಾಲಿಯೆಸ್ಟರ್ ಬೆಲ್ಟನ್ನು 100 ಡಿಗ್ರಿಗಿಂತ ಬಿಸಿ ಇರುವಲ್ಲಿ ಬಳಸುವ ಹಾಗಿಲ್ಲ, ಪಾಲಿಪ್ರೊಪಿಲೀನ್ ಆದರೆ 80. ಹೆಚ್ಚು ಬಲದ ಉಕ್ಕಿನ ಸರಪಳಿ 200 ಡಿಗ್ರಿಯವರೆಗೆ ಪೂರ್ತಿ ಬಲದಲ್ಲಿರುತ್ತದೆ, ಅಲ್ಲಿಂದ ಮೇಲೆ ಅದರ ತಾಳಿಕೆಯನ್ನೂ ಕಡಿಮೆ ಹಿಡಿಯಬೇಕು. ಪ್ಲಾಸ್ಟಿಕ್ ಟಾರ್ಪಾಲು ಕರಗಿ ಅಂಟುತ್ತದೆ, ಮರದ ಬಾಡಿ ಒಳಗೊಳಗೇ ಕರಕಲಾಗುತ್ತದೆ. ಇದೆಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಸಂಗತಿ ಕಟ್ಟು ಸಡಿಲಾಗುವುದು. ಕಬ್ಬಿಣ ತಣಿಯುತ್ತಾ ಕುಗ್ಗುತ್ತದೆ. 12 ಮೀಟರಿನ ಸರಳು 400 ಡಿಗ್ರಿಯಿಂದ 40ಕ್ಕೆ ಇಳಿದರೆ ಹತ್ತಿರಹತ್ತಿರ ಐದು ಸೆಂಟಿಮೀಟರ್ ಗಿಡ್ಡವಾಗುತ್ತದೆ. ಕಟ್ಟಿನ ಸುತ್ತಳತೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಯಾರ್ಡಿನಲ್ಲಿ ವೀಣೆಯ ತಂತಿಯಷ್ಟು ಬಿಗಿಯಾಗಿದ್ದ ಸರಪಳಿ ದಾರಿಯಲ್ಲಿ ಜೋತಾಡುತ್ತದೆ. ಹೊರಟ ಸ್ವಲ್ಪ ದೂರಕ್ಕೆ ಒಮ್ಮೆ, ಆಮೇಲೆ ಪ್ರತಿ ಟೀ ನಿಲುಗಡೆಯಲ್ಲೂ ಸುತ್ತುಹಾಕಿ ಸರಪಳಿ ಅಲುಗಿಸಿ ನೋಡುವ ಡ್ರೈವರ್ ಅತಿಜಾಗ್ರತೆಯವನಲ್ಲ.

ಆದರೆ ಬಿಸಿ ಲೋಡು ನಮ್ಮೂರಿಗೂ ಬರುತ್ತದೆ, ಗುಜರಿಯ ರೂಪದಲ್ಲಿ. ಹಳೆಯ ಯಂತ್ರ, ತೊಲೆ, ಟ್ಯಾಂಕುಗಳನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಿ, ಆರುವ ಮುಂಚೆಯೇ ಲಾರಿಗೆ ಎಸೆಯುವುದುಂಟು. ಬಾಡಿಯ ಹಲಗೆ ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ, ಮೂಲೆಯಲ್ಲಿ ಗೋಣಿ, ಹೊಟ್ಟು. ಬೆಂಕಿ ಆಗಲೇ ಕಾಣುವುದಿಲ್ಲ; ಗಾಡಿ ಓಡಲು ಶುರುವಾಗಿ ಗಾಳಿ ಸಿಕ್ಕಮೇಲೆ ಹೊಗೆಯಾಡುತ್ತದೆ. ಲೇತ್ ಅಂಗಡಿಗಳ ಬೋರಿಂಗ್, ಟರ್ನಿಂಗ್ ಚೂರುಗಳಿಗಂತೂ ಕಟ್ಟರಿನ ಹಂಗೂ ಬೇಡ. ಎಣ್ಣೆ ಮೆತ್ತಿದ, ತೇವದ ಕಬ್ಬಿಣದ ಚೂರು ರಾಶಿಬಿದ್ದರೆ ತುಕ್ಕು ಹಿಡಿಯುವ ಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ, ರಾಶಿಯ ಹೊಟ್ಟೆಯಲ್ಲಿ ಅದು ಹೊರಗೆ ಹೋಗಲಾರದೆ ಏರುತ್ತದೆ. ಹಡಗು ಸಾಗಣೆಯ ಅಂತರರಾಷ್ಟ್ರೀಯ ನಿಯಮದಲ್ಲಿ ಈ ಚೂರು ತಾನಾಗಿ ಬಿಸಿಯಾಗುವ ಸರಕುಗಳ ಪಟ್ಟಿಯಲ್ಲಿದೆ. 55 ಡಿಗ್ರಿಗಿಂತ ಬಿಸಿ ಇದ್ದರೆ ಹಡಗಿಗೆ ಹೇರುವಂತಿಲ್ಲ. ಹೂಟಗಳ್ಳಿ, ಹೆಬ್ಬಾಳು, ನಂಜನಗೂಡಿನ ಕೈಗಾರಿಕಾ ಪ್ರದೇಶಗಳ ಸುತ್ತ ಅದೇ ಚೂರನ್ನು ಟಾರ್ಪಾಲು ಮುಚ್ಚಿ ಒಯ್ಯುವ ಲಾರಿಗೆ ಆ ಎಚ್ಚರ ಬೇಡವೆಂದು ಯಾರೂ ಹೇಳಲಾರರು.

ಬೆಂಕಿಯ ನಂಟಿಲ್ಲದ ಬಿಸಿಯೂ ಇದೆ. ಏಪ್ರಿಲ್ ಮಧ್ಯಾಹ್ನ ಬಯಲಿನಲ್ಲಿ ನಿಂತ ಲೋಡಿನ ಕಬ್ಬಿಣ 60 ಡಿಗ್ರಿ ದಾಟಬಲ್ಲದು. 51 ಡಿಗ್ರಿಯ ಲೋಹವನ್ನು ಒಂದು ನಿಮಿಷ ಹಿಡಿದರೆ ಚರ್ಮ ಸುಡುತ್ತದೆ, 65–70ಕ್ಕೆ ಒಂದು ಸೆಕೆಂಡು ಸಾಕು. ಬಿಸಿಗೆ ಬೆಚ್ಚಿದ ಕೈ ತಟ್ಟನೆ ಬಿಟ್ಟಾಗ ಎದುರಿಗೆ ಹಿಡಿದವನ ಪಾದದ ಮೇಲೆ ಕಂಬಿ ಬೀಳುತ್ತದೆ. ಬಿಸಿಯೂ ಅಂಚೂ ಸೇರಿ ಗಾಯ ಮಾಡುವುದು ಹೀಗೆ. ಹಮಾಲಿಯ ಉಡುಪೋ, ಪಾಲಿಯೆಸ್ಟರ್ ಅಂಗಿ, ಲುಂಗಿ, ಹವಾಯಿ ಚಪ್ಪಲಿ. ಸಿಂಥೆಟಿಕ್ ಬಟ್ಟೆ ತೀರಾ ಬಿಸಿ ಕಬ್ಬಿಣಕ್ಕೆ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆ, ತೊಗಲಿನ ಕೈಗವಸು, ಮುಂಭಾಗ ಗಟ್ಟಿಯಾದ ಶೂ ಕೊಡಿಸಬೇಕಾದವರು ಯಾರು ಎಂಬ ಪ್ರಶ್ನೆಗೆ ಅಂಗಡಿಯವರು ಲಾರಿಯವರ ಕಡೆ, ಲಾರಿಯವರು ಮೇಸ್ತ್ರಿಯ ಕಡೆ ಬೆರಳು ತೋರಿಸುತ್ತಾರೆ. ಬೆಳಗಿನ ಹೊತ್ತು ಇಳಿಸಿಕೊಂಡರೆ ಅರ್ಧ ತೊಂದರೆ ಹಣವಿಲ್ಲದೆ ತಪ್ಪುತ್ತದೆ.

ಲೋಡಿನ ಮೇಲೆ ಕೂತು ಬರುವುದರ ಬಗ್ಗೆ ಇಷ್ಟು ಹೇಳಲೇಬೇಕು. ಮನೆ ಕಟ್ಟಿಸುವ ಯಜಮಾನನ ಮಗನೋ ಭಾಮೈದನೋ ಮಾಲು ಕಾಯಲೆಂದು ಕಂಬಿಯ ಮೇಲೆ ಕೂರುವುದು ಮಾಮೂಲು. 2025ರ ಜನವರಿಯಲ್ಲಿ ಯಲ್ಲಾಪುರದ ಹತ್ತಿರ ಹಣ್ಣು–ತರಕಾರಿಯ ಲಾರಿ ಉರುಳಿ ಲೋಡಿನ ಜೊತೆ ಹೊರಟಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಸತ್ತರು. ಅದು ತರಕಾರಿ, ಕಬ್ಬಿಣವಾಗಿದ್ದರೆ ಬದುಕಿ ಉಳಿದವರನ್ನೂ ಅದು ಬಿಡುತ್ತಿರಲಿಲ್ಲ. ಇನ್ಶೂರೆನ್ಸಿನ ಮಾತೂ ಇದೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಸರಕಿನ ಮಾಲೀಕನಿಗೆ 1994ರ ತಿದ್ದುಪಡಿಯಿಂದ ರಕ್ಷಣೆ ಇದೆ, ಆದರೆ ಆತ ಕ್ಯಾಬಿನ್ನಿನಲ್ಲಿ ಕೂತಿರಬೇಕೆಂಬುದು ನಂತರದ ತೀರ್ಪಿನ ನಿಲುವು. ಹಮಾಲಿಗಳಿಗೆ ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಇದೆ. ಹೆಸರು ನೋಂದಾಯಿಸಿ ಕಾರ್ಡು ಪಡೆದಿರಬೇಕು, ಅಷ್ಟೆ.

ಅನಾಹುತವಾದ ಮೇಲಿನ ಮೊದಲ ಹತ್ತು ನಿಮಿಷ ಊರವರ ಕೈಯಲ್ಲಿರುತ್ತದೆ. ಕಂಬಿ ಹೊಕ್ಕಿದ್ದರೆ ಎಳೆಯಬಾರದು. ರಕ್ತ ತಡೆದಿರುವುದೇ ಆ ಕಂಬಿ. ಅಲುಗದಂತೆ ಹಿಡಿದು, ಹೊರಗಿನ ಉದ್ದವನ್ನು ಕತ್ತರಿಸಿ, ಅದರೊಂದಿಗೇ ಆಸ್ಪತ್ರೆಗೆ ಸೇರಿಸಬೇಕು. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟು, ಇಂಕು, ಬೆಣ್ಣೆ ಬೇಡ. ಅಂಟಿದ ಬಟ್ಟೆ ಕೀಳಬೇಡಿ. 108ಕ್ಕೆ ಕರೆ ಮಾಡಿದವರನ್ನೋ ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನೋ ಸತಾಯಿಸುವಂತಿಲ್ಲವೆಂದು ಕಾಯ್ದೆಯೇ ಇದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ.

ಹೆದ್ದಾರಿಯ ಒತ್ತಡ ಬೇರೆ. ನಂಜನಗೂಡು, ಗುಂಡ್ಲುಪೇಟೆ ಮೂಲಕ ಕೇರಳಕ್ಕೆ ಹೋಗುವ 766ನೇ ಹೆದ್ದಾರಿಯಲ್ಲಿ ಬಂಡೀಪುರದ ಗೇಟು 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಸರಿಯೇ. ಆದರೆ ಗೇಟು ತಪ್ಪಿದರೆ ಒಂದು ರಾತ್ರಿಯ ಬಾಡಿಗೆ ಹೋಯಿತೆಂಬ ಆತುರ ಸಂಜೆಯ ಲಾರಿಗಳಲ್ಲಿ ಎದ್ದು ಕಾಣುತ್ತದೆ. ಸರಪಳಿ ನೋಡಲು ನಿಲ್ಲಿಸದವರು ಹೆಚ್ಚಾಗಿ ಈ ಹೊತ್ತಿನವರೇ.

ಪರಿಹಾರಕ್ಕೆ ಹೊಸ ಕಾನೂನು ಬೇಕೆಂದು ನನಗನ್ನಿಸುವುದಿಲ್ಲ. ಕಂಬಿ ಕಟ್ಟುವ ಮೇಸ್ತ್ರಿ ಪಿಲ್ಲರಿಗೆ, ಬೀಮಿಗೆ, ಸ್ಲಾಬಿಗೆ ಎಷ್ಟೆಷ್ಟು ಉದ್ದ ಬೇಕೆಂಬ ಪಟ್ಟಿಯನ್ನು ಮೊದಲೇ ಕೊಟ್ಟರೆ ಅಂಗಡಿಯಲ್ಲೇ ಕತ್ತರಿಸಿ ಹೇರಬಹುದು. ಗಾಡಿಯ ಬಾಡಿಯೊಳಗೆ ಕೂರುತ್ತದೆ, ಮಡಿಕೆ ಬಿಡಿಸಿ ನೆಟ್ಟಗೆ ಮಾಡಿದ ದುರ್ಬಲ ಜಾಗ ಪಿಲ್ಲರಿನ ಮುಖ್ಯ ಕಂಬಿಯಲ್ಲಿ ಬರುವುದೂ ತಪ್ಪುತ್ತದೆ. ಉದ್ದವೇ ಬೇಕೆಂದರೆ ಒಂದೇ ಬೀದಿಯ ಎರಡು ಮನೆಯವರು ಕೂಡಿ ಒಂದು ದೊಡ್ಡ ಲಾರಿ ತರಿಸಬಹುದು. ಇನ್ನು ಹೊಣೆಯ ಮಾತು. ಕರ್ನಾಟಕದಲ್ಲಿ ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಿಂದ ಇ–ವೇ ಬಿಲ್ ಇದೆ, 50,000 ರೂಪಾಯಿ ದಾಟಿದ ಮಾಲಿಗೆ. ಒಂದು ಮನೆಯ ತಳಪಾಯದ ಕಂಬಿಯೇ ಆ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಆ ಬಿಲ್ಲಿನಲ್ಲಿ ಅಂಗಡಿಯ ಹೆಸರಿದೆ, ಮಾಲಿನ ತೂಕವಿದೆ, ಗಾಡಿಯ ನಂಬರಿದೆ. ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ನು ಹೇರಿ ಕಳಿಸಿದ್ದು ಯಾರು ಎಂಬುದಕ್ಕೆ ರಸ್ತೆಯಲ್ಲಿ ಡ್ರೈವರನ್ನು ಗದರಿಸಿ ಕೇಳಬೇಕಾಗಿಲ್ಲ. 194ನೇ ಸೆಕ್ಷನ್ನಿನ ಕೇಸು ಬರೆಯುವ ಅಧಿಕಾರಿ ಅದೇ ಬಿಲ್ಲಿನ ಮೊದಲ ಸಾಲನ್ನು ಓದಿದರಾಯಿತು.